ಚೊಂಬಿನ ಇಸ್ತ್ರಿ

ಹೋದ ವಾರ ಏನೋ ಹುಡುಕಲು ಬೀರು ತೆಗೆದೆ. ಮೂಲೆಯಲ್ಲಿ ನೇತುಹಾಕಿದ್ದ ಕೋಟಿನ ಕಾಲರ್ ಮೇಲೆ ಬಿಳಿ ಬೂಷ್ಟು. ಹೊರಗೆ ತೆಗೆದು ನೋಡಿದರೆ ತೋಳಿನ ಮೇಲೂ ಇದೆ, ಒಳಜೇಬಿನ ಅಂಚಿಗೂ ಇದೆ. ಆಷಾಢದ ಮಳೆ ಹಿಡಿದರೆ ನಮ್ಮ ಕಡೆ ಬೆಲ್ಟು, ಚಪ್ಪಲಿ, ಗೋಡೆಗೆ ಹಾಕಿದ ಫೋಟೋ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಸ್ವಲ್ಪ ವಾಸಿ. ಆಗುಂಬೆಯಂಥ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನವರು ಇದನ್ನು ಓದಿದರೆ ನಕ್ಕಾರು. ಆದರೂ ಹೊಟ್ಟೆ ಚುರ್ ಅಂದಿತು. ಆ ಕೋಟನ್ನು ನಾನು ಈವರೆಗೆ ಮೈಮೇಲೆ ಹಾಕಿಕೊಂಡಿದ್ದು ಒಟ್ಟು ಮೂರೂವರೆ ಗಂಟೆ. ಅದೂ ಮಲಾಕ್ಕಾ ಜಲಸಂಧಿಯ ನೀರಿನ ಮೇಲೆ, ಹಡಗೊಂದರ ಊಟದ ಹಾಲಿನಲ್ಲಿ.

ತಂಗಿ ಸಿಂಗಪುರದಲ್ಲಿದ್ದಾಳೆ. ಅಪ್ಪಯ್ಯ ಅಮ್ಮನ ಮದುವೆ ಆಗಿದ್ದು 1975ರ ಮೇ ತಿಂಗಳಲ್ಲಿ, ತೀರ್ಥಹಳ್ಳಿ ಹತ್ತಿರದ ಅಮ್ಮನ ತವರುಮನೆಯ ಅಂಗಳದ ಚಪ್ಪರದಲ್ಲಿ. 2025ರ ಮೇ ತಿಂಗಳಿಗೆ ಐವತ್ತು ತುಂಬಿತು. ಊರಲ್ಲೊಂದು ಪೂಜೆ, ನೂರು ಜನಕ್ಕೆ ಊಟ ಅಂತ ನಾನು ಲೆಕ್ಕ ಹಾಕುತ್ತಾ ಕೂತಿದ್ದೆ. ಅವಳು ಯಾರನ್ನೂ ಕೇಳದೆ ಐದು ರಾತ್ರಿಯ ಹಡಗಿನ ಟಿಕೆಟ್ ಮಾಡಿಸಿಬಿಟ್ಟಳು. ಅಪ್ಪಯ್ಯನಿಗೆ ಹಡಗು ಅಂದರೆ ಹೊಳೆಬಾಗಿಲಿನ ಲಾಂಚ್. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಬೈಕು, ಎಲ್ಲವನ್ನೂ ಹೊತ್ತು ಸಿಗಂದೂರಿನ ದಡಕ್ಕೆ ಬಿಡುತ್ತಿತ್ತಲ್ಲ, ಅದು. "ಆ ಲಾಂಚಲ್ಲಿ ಐದು ದಿನ ಎಂತ ಮಾಡದು ಮಾರಾಯ?" ಎಂದು ಕೇಳಿದರು. ನಾವು ವಾಪಸ್ ಬಂದು ಎರಡು ತಿಂಗಳಿಗೆ, ಜುಲೈಯಲ್ಲಿ, ಅಲ್ಲಿ ಸೇತುವೆಯೇ ಆಗಿಹೋಯಿತು. ಅದು ಬೇರೆ ಕತೆ.

ಟಿಕೆಟ್ಟಿನ ಹಿಂದೆಯೇ ತಂಗಿಯ ವಾಟ್ಸಾಪ್ ಬಂತು. "ಅಣ್ಣಾ, ಎರಡನೇ ರಾತ್ರಿ ಫಾರ್ಮಲ್ ನೈಟ್ ಇದೆ. ಸೂಟ್ ತಗೊಂಡು ಬಾ. ಅಪ್ಪಯ್ಯಂಗೂ ಏನಾದ್ರೂ ನೋಡು."

ಈ "ಏನಾದ್ರೂ ನೋಡು" ಅನ್ನುವ ಎರಡು ಪದ ನನ್ನ ಎರಡು ತಿಂಗಳ ನಿದ್ದೆ ತಿಂದವು.

ಹಡಗಿನಲ್ಲಿ ಇದೊಂದು ಹಳೆಯ ಪದ್ಧತಿಯಂತೆ. ಉಳಿದ ದಿನ ಹೇಗಾದರೂ ಇರಿ. ಆದರೆ ಒಂದೋ ಎರಡೋ ರಾತ್ರಿ ಮುಖ್ಯ ಊಟದ ಹಾಲಿಗೆ ಗಂಡಸರು ಸೂಟು ಟೈ, ಹೆಂಗಸರು ಗೌನು ಹಾಕಿಕೊಂಡು ಬರಬೇಕು. ವಾರದ ಪ್ರಯಾಣವಾದರೆ ಸಾಮಾನ್ಯವಾಗಿ ಎರಡು ರಾತ್ರಿ, ಚಿಕ್ಕದಾದರೆ ಒಂದು. ಮೊದಲ ರಾತ್ರಿ ಇಡುವುದಿಲ್ಲ. ಯಾಕೆಂದರೆ ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ರೂಮಿನ ಬಾಗಿಲಿಗೆ ಬಂದು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಕೊನೆಯ ರಾತ್ರಿಯೂ ಇಡುವುದಿಲ್ಲ. ಅವತ್ತು ಪೆಟ್ಟಿಗೆ ಕಟ್ಟಿ ಬಾಗಿಲ ಹೊರಗೆ ಇಟ್ಟು ಮಲಗಬೇಕು. ಹಾಗಾಗಿ ಯಾವ ಊರಿಗೂ ನಿಲ್ಲದೆ ಇಡೀ ದಿನ ನೀರಿನ ಮೇಲೇ ಇರುವ ದಿನಕ್ಕೆ ಇದನ್ನು ಇಡುತ್ತಾರೆ. ಬೇಡ ಅನ್ನುವವರಿಗೆ ಮೇಲಿನ ಮಹಡಿಯಲ್ಲಿ ಬಫೆ ಇರುತ್ತದೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಇದು ಗೊತ್ತಾದ ತಕ್ಷಣ "ಹಾಗಾದ್ರೆ ಬಫೆಗೇ ಹೋಗೋಣ" ಅಂದೆ. "ಐವತ್ತು ವರ್ಷಕ್ಕೆ ಒಂದ್ಸಲ ಅಣ್ಣಾ" ಅಂದಳು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಕರಿ ಬಣ್ಣದ ತಕರಾರು

ಮೊದಲ ಜಗಳ ಬಂದಿದ್ದು ಬಣ್ಣದ ಮೇಲೆ. ತಂಗಿ ಅಮ್ಮನಿಗೆ ಅಂತ ಸಿಂಗಪುರದಲ್ಲೇ ಒಂದು ಕರಿ ಸೀರೆ ತೆಗೆದಿಟ್ಟು ವಿಡಿಯೋ ಕಾಲಿನಲ್ಲಿ ತೋರಿಸಿದಳು. ಸಣ್ಣ ಬಂಗಾರದ ಅಂಚು. ನಿಜ ಹೇಳಬೇಕೆಂದರೆ ಚಂದವೇ ಇತ್ತು. ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಅಲ್ಲ ಮಾರಾಯ್ತಿ, ಮದುವೆ ಆದ ದಿನ ಯಾರಾದ್ರೂ ಕರಿ ಉಡ್ತಾರನೆ?" ಎಂದರು. ಅಮ್ಮನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ತಂಗಿ ಮಾತ್ರ ಬಿಡಲಿಲ್ಲ. ಅಲ್ಲಿ ರಾತ್ರಿಯ ದೊಡ್ಡ ಊಟಕ್ಕೆ ಕರಿಯೇ ಮರ್ಯಾದೆಯ ಬಣ್ಣ, ಗಂಡಸರೆಲ್ಲ ಕರಿ ಕೋಟಿನಲ್ಲೇ ಬರುತ್ತಾರೆ ಅಂತ ವಾದ ಮಾಡಿದಳು. "ಬರ್ಲಿ ಬಿಡು. ಅವ್ರದ್ದು ಐವತ್ತು ವರ್ಷ ಅಲ್ಲಲ್ಲ" ಎಂದು ಅಮ್ಮ ಒಳಗೆ ಹೋದರು.

ಕರಿಯ ಬಗ್ಗೆ ನಮ್ಮ ಲೆಕ್ಕ ಅಷ್ಟು ಸರಳವೂ ಅಲ್ಲ. ನಮ್ಮ ಅಜ್ಜಯ್ಯನ ಹತ್ತಿರ ಒಂದು ಕರಿ ಕೋಟಿತ್ತು. ಜಗಲಿಯ ಗೂಟಕ್ಕೆ ತೂಗುತ್ತಿತ್ತು. ತಾಲ್ಲೂಕು ಕಚೇರಿಗೆ, ಕೋರ್ಟಿಗೆ, ಅಡಿಕೆ ಮಂಡಿಗೆ ಹೋಗುವಾಗ ಬಿಳಿ ಕಚ್ಚೆಪಂಚೆಯ ಮೇಲೆ ಅದು, ತಲೆಗೆ ಕರಿ ಟೋಪಿ. ಮೈಸೂರು ಅರಮನೆಯ ದರ್ಬಾರಿಗೆ ಹೋಗುವವರ ಉಡುಪಿನಲ್ಲೂ ಉದ್ದ ಕರಿ ಕೋಟು ಇದೆ. ಅಂದರೆ ದೊಡ್ಡವರ ಮುಂದೆ ನಿಲ್ಲುವುದಕ್ಕೆ ನಮಗೂ ಕರಿ ಆಗುತ್ತಿತ್ತು, ದೇವರ ಮುಂದೆ, ಮದುವೆ ಮಂಟಪದ ಮುಂದೆ ಮಾತ್ರ ಆಗುತ್ತಿರಲಿಲ್ಲ. ಅಜ್ಜಯ್ಯ ಮದುವೆಗೆ ಹೋಗುವಾಗ ಆ ಕೋಟು ಗೂಟದಲ್ಲೇ ಇರುತ್ತಿತ್ತು. ಮೈಮೇಲೆ ಬರೀ ಶಲ್ಯ. ಹಡಗಿನ ಊಟ ಈ ಎರಡರಲ್ಲಿ ಯಾವುದು, ಕಚೇರಿಯೋ ಮದುವೆ ಮನೆಯೋ, ಅನ್ನುವುದೇ ನಮ್ಮ ಮನೆಯ ನಿಜವಾದ ತಕರಾರು ಎಂದು ಈಗ ಅನ್ನಿಸುತ್ತದೆ. ಆಗ ಹೊಳೆದಿರಲಿಲ್ಲ.

ಸೀರೆಯ ತಕರಾರು ಬಗೆಹರಿಸಿದ್ದು ನನ್ನ ಹೆಂಡತಿ. ಅವಳು ಧಾರವಾಡದವಳು. "ಅತ್ತೀ, ನಮ್ಮ ಕಡೆ ಸಂಕ್ರಾಂತಿಗೆ ಚಂದ್ರಕಾಳಿ ಸೀರಿ ಉಡ್ತೀವ್ರೀ. ಅದೂ ಕರೀದಽ. ನಾ ಉಡ್ತೀನಿ ತಗೋರಿ" ಎಂದಳು. ಸೀರೆ ಅವಳಿಗೆ ಹೋಯಿತು. ಎರಡು ತಿಂಗಳ ನನ್ನ ಯೋಚನೆಗೆ ಎದುರಾಗಿ ಅವಳ ಉಡುಪಿನ ತೀರ್ಮಾನ ಎರಡು ನಿಮಿಷದಲ್ಲಿ ಮುಗಿದಿತ್ತು. ಅಮ್ಮ ತಮ್ಮ ಕುಂಕುಮ ಬಣ್ಣದ ಮೈಸೂರು ಸಿಲ್ಕ್ ಅಂತ ಗಟ್ಟಿ ಮಾಡಿದರು. ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯ ರೇಷ್ಮೆ ಇಲ್ಲ ಬಿಡಿ. ಮಡಚಿ ಮೂಲೆಗೆ ತುರುಕಿದರೂ ಸುಕ್ಕು ನಿಲ್ಲುವುದಿಲ್ಲ, ಕಾಂಚೀಪುರದ ಹಾಗೆ ಭಾರವೂ ಇಲ್ಲ. 1912ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರು ಮಾಡಿದವರಿಗೆ ವಿಮಾನದ ತೂಕದ ಮಿತಿ ಮೊದಲೇ ಗೊತ್ತಿತ್ತೇನೋ.

ನೆಹರು ರಸ್ತೆಯ ಅಳತೆ

ನನ್ನ ಹತ್ತಿರ ಸೂಟು ಇರಲಿಲ್ಲ ಅಂತಲ್ಲ. 1999ರಲ್ಲಿ ರಿಸೆಪ್ಷನ್ನಿಗೆ ಹೊಲಿಸಿದ್ದ ಕಾಫಿ ಬಣ್ಣದ್ದೊಂದು ಇತ್ತು. ಹಾಕಿ ನೋಡಿದೆ. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು. ಬೆನ್ನಿನ ಮೇಲೆ ಹುಳ ತಿಂದ ಮೂರು ತೂತು. ಮಲೆನಾಡಿನಲ್ಲಿ ಸೂಟು ಯಾಕೆ ಬೇರು ಬಿಡಲಿಲ್ಲ ಅನ್ನುವುದಕ್ಕೆ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಒಣಗಿಸಿ ಇಡುವ ಜಾಗವೇ ನಮ್ಮ ಮನೆಗಳಲ್ಲಿ ಇಲ್ಲ. ಪಂಚೆಯಾದರೆ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೆ ಬೆಳಗ್ಗೆ ಒಣಗಿರುತ್ತದೆ. ಹೊಗೆ ವಾಸನೆ ಬರುತ್ತದೆ, ಅಷ್ಟೆ. ಹೊಗೆ ವಾಸನೆಯ ಸೂಟನ್ನು ಯಾರಾದರೂ ಹಾಕಿಯಾರೇ?

ನೆಹರು ರಸ್ತೆಯಲ್ಲಿ ಹಳೆಯ ಟೈಲರ್ ಒಬ್ಬರಿದ್ದಾರೆ. ಅಳತೆ ತೆಗೆಯುತ್ತಾ "ಮಗಳ ಮದುವೆನಾ ಸಾರ್?" ಎಂದರು.

"ಅಲ್ಲ, ಊಟಕ್ಕೆ."

"ಊಟಕ್ಕಾ?"

"ಹಡಗಲ್ಲಿ ಊಟಕ್ಕೆ."

ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ "ಹಂಗಾರೆ ಹೊಟ್ಟೆ ಹತ್ರ ಒಂದಿಂಚು ಬಿಡ್ತೀನಿ" ಎಂದರು. ಇಷ್ಟು ಬುದ್ಧಿವಂತ ಸಲಹೆಯನ್ನು ಆ ಎರಡು ತಿಂಗಳಲ್ಲಿ ಬೇರೆ ಯಾರೂ ಕೊಡಲಿಲ್ಲ.

ಭಾವ ಫೋನಿನಲ್ಲಿ "ಸೂಟ್ ಯಾಕೆ, ಟಕ್ಸಿಡೊನೇ ಹೊಲಿಸಿ" ಅಂದಿದ್ದರು. ಅದೇನು ಅಂತ ಓದಿದಾಗ ಒಂದು ವಿಷಯ ಖುಷಿ ಕೊಟ್ಟಿತು. ಈಗ ಫಾರ್ಮಲ್ ಅಂದರೆ ಅದಕ್ಕಿಂತ ಮೇಲಿಲ್ಲ ಅನ್ನುತ್ತಾರಲ್ಲ, ಆ ಟಕ್ಸಿಡೊ ಹುಟ್ಟಿದ್ದು ಆರಾಮದ ಬಟ್ಟೆಯಾಗಿ. 1880ರ ದಶಕದಲ್ಲಿ ದೊಡ್ಡ ಮನುಷ್ಯರ ರಾತ್ರಿ ಉಡುಪು ಅಂದರೆ ಹಿಂದೆ ಬಾಲ ಬಿಟ್ಟ ಉದ್ದ ಕೋಟು. ಮನೆಯವರು, ಹತ್ತಿರದ ಸ್ನೇಹಿತರು ಮಾತ್ರ ಇದ್ದಾಗ ಬಾಲವಿಲ್ಲದ ಗಿಡ್ಡ ಕೋಟು ಹಾಕಿಕೊಳ್ಳುತ್ತಿದ್ದರು. ನ್ಯೂಯಾರ್ಕ್ ಹತ್ತಿರದ ಟಕ್ಸಿಡೊ ಪಾರ್ಕ್ ಅನ್ನುವ ಊರಿನ ಶ್ರೀಮಂತರು ಅದನ್ನು ಹೆಚ್ಚು ಹಾಕಿದ್ದಕ್ಕೆ ಅಮೆರಿಕದಲ್ಲಿ ಆ ಹೆಸರು ಉಳಿಯಿತು. ಅಂದರೆ ಅಜ್ಜನ ಕಾಲದ ಮನೆ ಬಟ್ಟೆ ಮೊಮ್ಮಗನ ಕಾಲಕ್ಕೆ ಮರ್ಯಾದೆಯ ಬಟ್ಟೆ. ಇನ್ನು ನೂರು ವರ್ಷಕ್ಕೆ ಬರ್ಮುಡಾ ಚಡ್ಡಿಗೂ ಆ ಯೋಗ ಬರಬಹುದು. ನಾನು ಟಕ್ಸಿಡೊ ಹೊಲಿಸಲಿಲ್ಲ. ಕಡು ನೀಲಿ ಸೂಟು ಹೊಲಿಸಿದೆ. ಅಮ್ಮನಿಗೆ ನೀಲಿ, ಹಡಗಿನವರಿಗೆ ಕರಿ ಎಂಬ ಲೆಕ್ಕ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ.

ಏನಾದ್ರೂ ನೋಡು

ಉಳಿದಿದ್ದು ಅಪ್ಪಯ್ಯ. ಅವರು ಹುಟ್ಟಿದಾಗಿನಿಂದ ಪ್ಯಾಂಟು ಹಾಕಿದವರಲ್ಲ. ತೋಟಕ್ಕೆ ಮೊಣಕಾಲಿನವರೆಗೆ ಬರುವ ತುಂಡು ಪಂಚೆ, ಮನೆಗೆ ಮಾಮೂಲಿ ಪಂಚೆ, ಪೇಟೆಗೆ ಇಸ್ತ್ರಿ ಹಾಕಿದ ಪಂಚೆ ಮತ್ತು ತುಂಬುತೋಳಿನ ಬಿಳಿ ಶರ್ಟು, ಮದುವೆ ಉಪನಯನಕ್ಕೆ ಜರಿ ಪಂಚೆ, ಶಲ್ಯ. ಈ ನಾಲ್ಕು ಮೆಟ್ಟಿಲು ಎಂದೂ ತಪ್ಪಿಲ್ಲ. ತೋಟದ ಪಂಚೆಯಲ್ಲಿ ಜಗಲಿಗೆ ಬಂದ ನೆಂಟರನ್ನು ಮಾತಾಡಿಸುವುದಿಲ್ಲ, ಹಿಂದಿನ ಬಾಗಿಲಿಂದ ಹೋಗಿ ಬದಲಾಯಿಸಿಯೇ ಬರುತ್ತಾರೆ. ಹಡಗಿನ ಊಟದ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಮದುವೆ ಊಟದಂಗೋ, ಹೋಟ್ಲು ಊಟದಂಗೋ?" ಮದುವೆ ಊಟದ ಹಾಗೆ ಎಂದೆ. "ಹಂಗಾರೆ ಜರಿ ಪಂಚೆ" ಎಂದು ಎದ್ದು ಹೋದರು.

ನಾನು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ತಡೆದಿದ್ದು ನೆನಪಿದೆ ಅಲ್ವಾ? ಮಗನ ಜೊತೆ ಸಿನಿಮಾ ನೋಡಲು ಬಂದವರು. ಗಲಾಟೆಯಾಗಿ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ನಮ್ಮ ರಾಜಧಾನಿಯಲ್ಲೇ ಹೀಗಾದರೆ ಸಿಂಗಪುರದ ಹಡಗಿನಲ್ಲಿ ಏನಾಗಬೇಡ? ಬಾಗಿಲಲ್ಲಿ ನಿಂತ ಹುಡುಗ ಅಪ್ಪಯ್ಯನ ಕಾಲು ನೋಡಿ ಕೈ ಅಡ್ಡ ಹಿಡಿಯುವ ದೃಶ್ಯ ರಾತ್ರಿ ಎರಡು ಗಂಟೆಗೆ ಕಣ್ಣ ಮುಂದೆ ಬರುತ್ತಿತ್ತು. ಹಡಗಿನ ಕಂಪನಿಗಳ ನಿಯಮ ಓದಿದೆ. ಕೆಲವು ಕಂಪನಿಯವರು ಈ ಪದ್ಧತಿಯನ್ನೇ ಕೈಬಿಟ್ಟಿದ್ದಾರೆ. 1840ರಿಂದ ಹಡಗು ಓಡಿಸುತ್ತಿರುವ ಕ್ಯುನಾರ್ಡ್‌ನಂಥವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಆದರೆ ಅವರ ಪಟ್ಟಿಯಲ್ಲೂ ಸೂಟಿನ ಜೊತೆಗೆ ಆಯಾ ದೇಶದ ಸಾಂಪ್ರದಾಯಿಕ ಉಡುಪು ನಡೆಯುತ್ತದೆ. ಚಡ್ಡಿ, ತೋಳಿಲ್ಲದ ಬನಿಯನ್ನು, ಹವಾಯಿ ಚಪ್ಪಲಿ ಬೇಡ ಅನ್ನುತ್ತಾರೆ, ಅಷ್ಟೆ. ನಮ್ಮ ಹಡಗಿನವರನ್ನು ತಂಗಿ ಬರೆದು ಕೇಳಿದಳು. ಧಾರಾಳವಾಗಿ ಉಟ್ಟು ಬರಲಿ ಅಂತ ಉತ್ತರವೂ ಬಂತು.

ಉತ್ತರ ಬಂದ ಮೇಲೂ ನಾನು ದುರ್ಗಿಗುಡಿಗೆ ಹೋಗಿ ಒಂದು ಕರಿ ಪ್ಯಾಂಟು ಕೊಂಡೆ. ರೆಡಿಮೇಡ್, 34 ಸೈಜು. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ನನ್ನ ಪೆಟ್ಟಿಗೆಯ ತಳಕ್ಕೆ, ಬನಿಯನ್ನುಗಳ ಅಡಿಗೆ ಇಟ್ಟೆ. ಬಾಗಿಲಲ್ಲಿ ತಡೆದರೆ ಇರಲಿ ಅಂತ ನನಗೆ ನಾನೇ ಹೇಳಿಕೊಂಡೆ. ತಡೆಯುವುದಿಲ್ಲ ಅಂತ ಅವರೇ ಬರೆದು ಕೊಟ್ಟಿದ್ದರಲ್ಲ, ಹಾಗಾದರೆ ಯಾರು ತಡೆಯುತ್ತಾರೆ ಅಂತ ಇಟ್ಟೆ? ಮೂರು ತಿಂಗಳಿಂದ ತಲೆಯೊಳಗೆ ಕೊರೆಯುತ್ತಿರುವುದು ಇದೇ.

ನಡುವೆ ಒಂದು ರಾಜಿ ಸೂತ್ರವನ್ನೂ ಮುಂದಿಟ್ಟಿದ್ದೆ. ಹೆಗ್ಗೋಡಿನ ಚರಕ ಸಂಸ್ಥೆಯವರ ಕೈಮಗ್ಗದ ಜುಬ್ಬ, ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣದ್ದು, ಪಂಚೆಯ ಮೇಲೆ ಹಾಕಿದರೆ ಒಂದು ಗತ್ತು ಬರುತ್ತದೆ ಎಂದೆ. ಅಮ್ಮ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಅಡಿಕೆ ಬೇಯಿಸುವ ಮನೆಯವರಿಗೆ ಗೊತ್ತು, ಚೊಗರು ಒಂದು ಹನಿ ಬಿದ್ದರೂ ಬಟ್ಟೆಯ ಕತೆ ಮುಗಿಯಿತು. "ಐವತ್ತು ವರ್ಷ ಇವ್ರ ಪಂಚೆಯಿಂದ ಚೊಗರಿನ ಕಲೆ ತೆಗೆಯಕ್ಕೆ ಕಲ್ಲಿಗೆ ಕುಕ್ಕಿ ಕುಕ್ಕಿ ನನ್ನ ಕೈ ಹೋಯ್ತು. ಈಗ ದುಡ್ಡು ಕೊಟ್ಟು ಚೊಗರಿನ ಬಟ್ಟೆ ತರದಾ?" ಜುಬ್ಬದ ಪ್ರಸ್ತಾಪ ಅಲ್ಲೇ ಬಿದ್ದುಹೋಯಿತು.

ಚೊಂಬು

ಹಡಗು ಹತ್ತುವಾಗ ತಂಗಿಯ ಪೆಟ್ಟಿಗೆಯಲ್ಲಿದ್ದ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ತಪಾಸಣೆಯವರು ತೆಗೆದಿಟ್ಟುಕೊಂಡರು. ಇಳಿಯುವಾಗ ಕೊಡುತ್ತೇವೆ ಅಂತ ಚೀಟಿ ಬರೆದುಕೊಟ್ಟರು. ರೂಮಿನಲ್ಲಿ ಇಸ್ತ್ರಿ ಹಾಕುವ ಹಾಗಿಲ್ಲ. ನಡುನೀರಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ರಸ್ತೆ ಇಲ್ಲವಲ್ಲ, ಸರಿಯಾದ ನಿಯಮವೇ. ಹಡಗಿನ ಲಾಂಡ್ರಿಗೆ ಕೊಟ್ಟರೆ ನಾಳೆ ಸಿಗುತ್ತದೆ ಅಂದರು. ನಮಗೆ ಬೇಕಾಗಿದ್ದು ಇವತ್ತು. ಎರಡನೆಯ ದಿನ ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿದರೆ ನನ್ನ ಹೊಸ ಕೋಟು ಒದ್ದೆ ಕಾಗದವನ್ನು ಹಿಂಡಿ ಇಟ್ಟ ಹಾಗೆ ಮುದುಡಿಕೊಂಡಿತ್ತು. ಅಪ್ಪಯ್ಯನ ಜರಿ ಪಂಚೆಯ ಮೇಲೆ ಅಡ್ಡ ಉದ್ದ ಗೆರೆ.

ಹೆಂಡತಿ ಯಾರದೋ ಸಲಹೆ ಓದಿ ಕೋಟನ್ನು ಬಚ್ಚಲಲ್ಲಿ ನೇತುಹಾಕಿ ಬಿಸಿನೀರಿನ ಶವರ್ ಬಿಟ್ಟಳು. ಹಬೆಗೆ ಸುಕ್ಕು ಬಿಡುತ್ತದಂತೆ. ಸುಕ್ಕು ಅರ್ಧ ಬಿಟ್ಟಿತು. ಕೋಟು ಪೂರ್ತಿ ಒದ್ದೆಯಾಯಿತು. ಇವತ್ತಿನ ಬೂಷ್ಟಿಗೆ ಬೀಜ ಬಿದ್ದಿದ್ದು ಅಲ್ಲೇ ಇರಬೇಕು.

ಪಕ್ಕದ ರೂಮಿಗೆ ಹೋದರೆ ಅಪ್ಪಯ್ಯ ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದಾರೆ. ಮುಂದೆ ಅಮ್ಮನ ಸ್ಟೀಲಿನ ಚೊಂಬು. ಅಮ್ಮ ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ಬಚ್ಚಲಿಗೂ ಅದೇ ಬೇಕು ಅಂತಲ್ಲ, ಇರಬೇಕು ಅಂತ. ಭಾವ ಮೇಲಿನ ಬಫೆಯ ಟೀ ಇಡುವ ಜಾಗದಿಂದ ಫ್ಲಾಸ್ಕಿನಲ್ಲಿ ಕುದಿಯುವ ನೀರು ತಂದುಕೊಟ್ಟಿದ್ದರು. ಅಪ್ಪಯ್ಯ ಅದನ್ನು ಚೊಂಬಿಗೆ ಸುರಿದು, ಕಂಠಕ್ಕೆ ಕೈ ಟವೆಲ್ ಸುತ್ತಿ, ಪಂಚೆಯ ಮೇಲೆ ಬೆರಳಲ್ಲಿ ನೀರು ಚಿಮುಕಿಸಿ, ನಿಧಾನಕ್ಕೆ ಒತ್ತುತ್ತಾ ಬರುತ್ತಿದ್ದರು. ಮಡಿಕೆ ಒಂದೊಂದಾಗಿ ಬಿಡಿಸುವುದು, ಜರಿಯ ಅಂಚು ಬಂದಾಗ ಕೈ ಎತ್ತಿ ಹಗುರ ಮಾಡುವುದು. ಎಡಗೈ ಮುಂದೆ ಮುಂದೆ ಬಟ್ಟೆ ಸವರುತ್ತಾ ಹೋಗುತ್ತದೆ, ಬಲಗೈ ಚೊಂಬಿನ ಜೊತೆ ಅದರ ಬೆನ್ನಿಗೆ.

ನಲವತ್ತು ವರ್ಷ ಹಿಂದಿನ ಆಗಸ್ಟ್ 15 ನೆನಪಾಯಿತು. ಮನೆಗೆ ಕರೆಂಟು ಇತ್ತು, ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಬೆಳಗ್ಗೆ ಐದಕ್ಕೆ ಬಚ್ಚಲೊಲೆಯಿಂದ ಕೆಂಡ ತೆಗೆದು ಹಿತ್ತಾಳೆ ತಂಬಿಗೆಗೆ ತುಂಬುತ್ತಿದ್ದರು. ಜಗಲಿಯಲ್ಲಿ ಕಂಬಳಿ, ಅದರ ಮೇಲೆ ಹಳೇ ಪಂಚೆ, ಅದರ ಮೇಲೆ ನನ್ನ ಬಿಳಿ ಶರ್ಟು. ತಂಬಿಗೆಯ ತಳಕ್ಕೆ ಒಂದು ಹನಿ ನೀರು ಹಾಕಿ ಚುಂಯ್ ಅಂದರೆ ಸರಿ. ಶರ್ಟು ಒಲೆಯ ಮೇಲೆ ಒಣಗಿದ್ದು, ಹೊಗೆ ವಾಸನೆ. ಕೆಂಡದ ಶಾಖಕ್ಕೆ ಆ ವಾಸನೆ ಇನ್ನೂ ಏಳುತ್ತಿತ್ತು. ಒಂದು ವರ್ಷ ಕಿಡಿ ಹಾರಿ ಜೇಬಿನ ಮೇಲೆ ಸಾಸಿವೆಯಷ್ಟು ತೂತಾಯಿತು. ನಾನು ಅತ್ತೆ. ಅಪ್ಪಯ್ಯ ಸರಿಯಾಗಿ ಅಲ್ಲಿಗೇ ಕಾಗದದ ಬಾವುಟ ಚುಚ್ಚಿ ಕಳಿಸಿದರು.

ಈಗ ಅಪ್ಪಯ್ಯ ತಲೆ ಎತ್ತಿ ನೋಡಿದರು. "ಕೆಂಡದಷ್ಟು ಆಗಲ್ಲ. ಸುಮಾರಾಯ್ತು" ಎಂದರು. ಆಗಲೇ ನನ್ನ ಕಣ್ಣು ಪಂಚೆಯ ಅಡಿಗೆ ಹೋಯಿತು. ಕಂಬಳಿಯ ಜಾಗದಲ್ಲಿ, ನಾಲ್ಕು ಮಡಿಕೆ ಮಾಡಿ ಹಾಸಿದ ಒಂದು ಕರಿ ಪ್ಯಾಂಟು. ಅಂಗಡಿಯ ಚೀಟಿ ಇನ್ನೂ ಸೊಂಟದ ಪಟ್ಟಿಗೆ ನೇತಾಡುತ್ತಿತ್ತು.

"ನಿನ್ನ ಪೆಟ್ಟಿಗೇಲಿತ್ತು. ಟವೆಲ್ ಹುಡುಕಕ್ಕೆ ಹೋದಾಗ ಸಿಕ್ತು. ದಪ್ಪ ಬಟ್ಟೆ, ಅಡಿಗೆ ಹಾಸಕ್ಕೆ ಲಾಯ್ಕಾತು. ಯಾರದ್ದು?"

"ನಂದೇ" ಎಂದೆ.

ಅಪ್ಪಯ್ಯ ಪ್ಯಾಂಟು ನೋಡಿದರು. ನನ್ನ ಹೊಟ್ಟೆ ನೋಡಿದರು. ಆಮೇಲೆ ಪಂಚೆಯ ಇನ್ನೊಂದು ಮಡಿಕೆ ಬಿಡಿಸಿ ಚೊಂಬು ಇಟ್ಟರು.

ಊಟ

ಊಟದ ಹಾಲಿನ ಬಾಗಿಲಲ್ಲಿ ಯಾರೂ ಯಾರನ್ನೂ ತಡೆಯಲಿಲ್ಲ. ಅಲ್ಲಿದ್ದ ಹುಡುಗಿ ಎಲ್ಲರಿಗೂ ಹೇಳಿದ ಹಾಗೆ ನಮಗೂ ಗುಡ್ ಈವನಿಂಗ್ ಹೇಳಿ ಮೇಜಿನ ನಂಬರ್ ಕೊಟ್ಟಳು. ಅಪ್ಪಯ್ಯನ ಪಂಚೆಯನ್ನು ಯಾರಾದರೂ ಬಂದು ಹೊಗಳಿದರು, ಫೋಟೋ ಕೇಳಿದರು ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. ಚೀನಾ ಕಡೆಯ ರೇಷ್ಮೆ ಲಂಗದವರಿದ್ದರು, ಬಾಟಿಕ್ ಶರ್ಟಿನವರಿದ್ದರು, ಸೂಟಿನವರಿದ್ದರು. ಪಕ್ಕದ ಮೇಜಿನಲ್ಲಿ ಟೀ ಶರ್ಟು, ಚಡ್ಡಿ ಹಾಕಿದ ಇಬ್ಬರು ಗಂಡಸರೂ ಇದ್ದರು. ಅವರನ್ನೂ ಒಳಗೆ ಬಿಟ್ಟಿದ್ದರು. ರಜೆಗೆ ಬಂದವರ ಜೊತೆ ಬಾಗಿಲಲ್ಲಿ ಜಗಳ ಯಾಕೆ ಅಂತ ಇರಬೇಕು.

ಇದಕ್ಕೆ ಸಿಟ್ಟಾದವರು ಒಬ್ಬರೇ, ಅಪ್ಪಯ್ಯ. ಮೆನು ಕಾರ್ಡಿನ ಮೇಲಿಂದ ಆ ಮೇಜನ್ನೇ ದಿಟ್ಟಿಸುತ್ತಿದ್ದರು. "ಮದುವೆ ಊಟದಂಗೆ ಅಂದಿದ್ಯಲ್ಲ?"

"ಹೌದು."

"ಅವ್ರಿಗೆ ಯಾರೂ ಹೇಳ್ಲಿಲ್ವನಾ?"

"ಹೇಳಿರ್ತಾರೆ ಅಪ್ಪಯ್ಯ. ಈಗೆಲ್ಲ ಅಷ್ಟು ನೋಡಲ್ಲ."

"ನೋಡದಿರದು ಬೇರೆ. ಕರೆದವ್ರು ಇಷ್ಟೆಲ್ಲ ದೀಪ ಹಾಕಿ, ಬಿಳಿ ಬಟ್ಟೆ ಹಾಸಿ ಕಾಯ್ತಿದಾರೆ. ತೋಟದಿಂದ ಎದ್ದು ಬಂದಂಗೆ ಬರದಾ?"

ಇಡೀ ಹಾಲಿನಲ್ಲಿ ಆ ಹಡಗಿನ ನಿಯಮವನ್ನು ಇಷ್ಟು ಮನಸ್ಸಿಟ್ಟು ಪಾಲಿಸಿದವರು ಇನ್ನೊಬ್ಬರು ಇದ್ದಿದ್ದು ಅನುಮಾನ. ನಾನು ಯಾರಿಗೆ ನಿಯಮ ಗೊತ್ತಿಲ್ಲ ಅಂತ ಹೆದರಿದ್ದೆನೋ ಅವರು. ನನ್ನ ಒದ್ದೆ ಕೋಟಿನೊಳಗೆ ಏಸಿಯ ಗಾಳಿ ಹೊಕ್ಕು ಬೆನ್ನು ಮರಗಟ್ಟುತ್ತಿತ್ತು. ಬಿಚ್ಚಿ ಕುರ್ಚಿಗೆ ಹಾಕೋಣ ಅಂತ ಒಂದು ತೋಳು ತೆಗೆದೆ. ಅಪ್ಪಯ್ಯ ಕಣ್ಣಲ್ಲೇ ಬೇಡ ಅಂದರು. ಹಾಕಿಕೊಂಡೇ ಕೂತೆ.

ಅಮ್ಮನಿಗೆ ಇಂಥ ಕಟ್ಟುಪಾಡು ಇರಲಿಲ್ಲ. ಚಳಿಯಾದ ಕೂಡಲೇ ಬ್ಯಾಗಿನಿಂದ ಬೂದು ಬಣ್ಣದ ಸ್ವೆಟರ್ ತೆಗೆದು ಮೈಸೂರು ಸಿಲ್ಕಿನ ಮೇಲೆ ಹಾಕಿಕೊಂಡು ಗುಂಡಿ ಹಾಕಿದರು. ಐವತ್ತನೆಯ ವರ್ಷದ ಕೇಕು ಬಂದಿದ್ದು ಆ ಸ್ವೆಟರ್ ಮುಂದೆಯೇ. ಬಡಿಸುವ ಹುಡುಗರು ನಾಲ್ಕು ಜನ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದರು. ಅಪ್ಪಯ್ಯ ಶಲ್ಯ ಸರಿಮಾಡಿಕೊಂಡು, ಯಾವುದೋ ಮದುವೆ ಮನೆಯಲ್ಲಿ ವರನ ತಂದೆ ನಿಲ್ಲುವ ಹಾಗೆ ಎದ್ದು ನಿಂತು ನಾಲ್ವರಿಗೂ ಒಬ್ಬೊಬ್ಬರಿಗೇ ಕೈ ಮುಗಿದರು. ಆ ಹುಡುಗರೂ ತಟ್ಟೆ ಕೆಳಗಿಟ್ಟು ಕೈ ಮುಗಿದರು. ಊಟದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಹತ್ತು ಗಂಟೆಗೆ ಎಲ್ಲರೂ ಮೇಲಿನ ಬಫೆಗೆ ಹೋಗಿ ಮೊಸರನ್ನ ಕಲಸಿಕೊಂಡು ತಿಂದೆವು.

ಹಾಲಿನ ಹೊರಗೆ ಹಡಗಿನ ಫೋಟೋದವರು ಪರದೆ ಕಟ್ಟಿ ನಿಂತಿದ್ದರು. ಫಾರ್ಮಲ್ ನೈಟ್ ಅಂದರೆ ಅವರಿಗೆ ಸುಗ್ಗಿ. ಮಾರನೆಯ ದಿನ ಎಲ್ಲರ ಫೋಟೋ ಸಾಲಾಗಿ ಗೋಡೆಗೆ ತೂಗಿಸಿದ್ದರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನಮ್ಮದರ ಮುಂದೆ ತುಂಬ ಹೊತ್ತು ನಿಂತರು. ಕೊನೆಗೆ ಎಡ ತುದಿಗೆ ಬೆರಳಿಟ್ಟು "ಈ ಬ್ಯಾಂಡ್‌ಸೆಟ್‌ನವ ಯಾರ ಮಾರಾಯ?" ಎಂದರು. ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ಒಂದು ಪ್ರತಿಗೆ ಇಪ್ಪತ್ತು ಡಾಲರ್ ಅಂದರು. ಅಮ್ಮ ರೂಪಾಯಿಗೆ ಲೆಕ್ಕ ಹಾಕಿಸಿದರು, ಫೋಟೋ ಗೋಡೆಯಲ್ಲೇ ಉಳಿಯಿತು.

ಬೂಷ್ಟು ಕಂಡ ದಿನ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಇಂಥದ್ದಕ್ಕೆಲ್ಲ ಅವರ ಹತ್ತಿರ ಉಪಾಯ ಇರುತ್ತದೆ. ನೀರು ಮುಟ್ಟಿಸಬೇಡ ಎಂದರು. ಬಿಸಿಲು ಬಂದ ದಿನ ಹೊರಗೆ ಹಾಕು, ಪೂರ್ತಿ ಒಣಗಿದ ಮೇಲೆ ಬ್ರಶ್ಶಿನಲ್ಲಿ ಉಜ್ಜು, ಆಮೇಲೆ ಜೇಬಿಗೆ ನುಸಿಗುಳಿಗೆ ಹಾಕಿ ಇಡು. ಊರಲ್ಲಿ ಮಳೆ ಹೇಗಿದೆ, ಅಡಿಕೆಗೆ ಕೊಳೆರೋಗದ ಔಷಧಿ ಎರಡನೇ ಸಲ ಹೊಡೆಸಿದ್ದು ಆಯಿತಾ ಅಂತ ನಾನು ಕೇಳಿದೆ. ಬಿಡುವು ಕೊಟ್ಟಿಲ್ಲ, ಹೊಡೆಯುವವರೂ ಸಿಗುತ್ತಿಲ್ಲ ಎಂದರು. ಫೋನ್ ಇಡುತ್ತೇನೆ ಅಂತ ಹೇಳುವಷ್ಟರಲ್ಲಿ ಮತ್ತೆ ಅವರ ಸ್ವರ ಬಂತು.

"ಆ ಪ್ಯಾಂಟು ಎಂತಾತು? ಅದಕ್ಕೂ ಬೂಷ್ಟು ಬಂದಿರ್ತದೆ, ನೋಡು."

"ನೋಡ್ತೀನಿ ಅಪ್ಪಯ್ಯ."

"ಮೂವತ್ನಾಲ್ಕು ನಂಗೆ ಸಡ್ಲ ಆಗ್ತದೆ ಮಾರಾಯ. ನಂದು ಮೂವತ್ತೆರಡು."